ಕೇಳಿ ಬರೆದುಕೊಡುವ ಅಂಗಡಿ: ನವನಗರದ ಒಂದು ಡಿಟಿಪಿ ಸೆಂಟರ್ ಬಗ್ಗೆ

ಅಪ್ಪನಿಗೆ ಈ ವರ್ಷ 75 ತುಂಬಿತು. ದೊಡ್ಡ ಕಾರ್ಯಕ್ರಮ ಬೇಡ, ಒಂದು ಸಣ್ಣ ಪುಸ್ತಿಕೆ ಮಾಡಿಸಿ ಬೀಗರು ಬಿಜ್ಜರಿಗೆಲ್ಲ ಹಂಚೋಣ ಅಂತ ಮನೆಯಲ್ಲಿ ಮಾತಾಯಿತು. ಬರೆಸುವ ಕೆಲಸ ನನ್ನ ಪಾಲಿಗೆ ಬಂತು. ಆ ಪುಸ್ತಿಕೆಯನ್ನು ಬರೆದು, ಪುಟ ಕಟ್ಟಿ, ಮುದ್ರಿಸಿ ಕೊಟ್ಟಿದ್ದು ಬಾಗಲಕೋಟೆ ನವನಗರದ ಒಂದು ಸಣ್ಣ ಡಿಟಿಪಿ ಅಂಗಡಿ. ಅವರು ಹೆಸರು ಹಾಕಬೇಡಿ ಅಂದಿದ್ದಾರೆ, ಅದಕ್ಕೆ ಹಾಕಿಲ್ಲ. ಬೇಕಾದವರು ಬಸ್ ಸ್ಟ್ಯಾಂಡ್ ಕಡೆ ಝೆರಾಕ್ಸ್ ಅಂಗಡಿಗಳಲ್ಲಿ "ಬರೆದು ಕೊಡೋರು ಯಾರ್ರಿ" ಅಂತ ಕೇಳಿ. ತೋರಿಸುತ್ತಾರೆ.

ಮೊದಲು ನಾನು ಅಲ್ಲಿಗೆ ಹೋಗಲಿಲ್ಲ. ಫೋನಿನಲ್ಲಿ ಎಐ ಆ್ಯಪ್ ಇತ್ತು, ಅದರಲ್ಲೇ ಮಾಡಿದೆ. ಅಪ್ಪ ಹುಟ್ಟಿದ ವರ್ಷ, ಹಳೇ ಬಾಗಲಕೋಟೆಯ ಹೊಸಪೇಟೆ ಓಣಿ, ಖಣದ ಅಂಗಡಿ, ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಿಂದ ಆದ ಮುಳುಗಡೆ, ಆಮೇಲೆ ನವನಗರ, ಇಷ್ಟನ್ನೂ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಹಾಕಿದೆ. ಅರ್ಧ ನಿಮಿಷದಲ್ಲಿ ನಾಲ್ಕು ಪುಟ ಬಂತು. ಕಾಗುಣಿತ ಸರಿ ಇತ್ತು, ವಾಕ್ಯ ನೀಟಾಗಿತ್ತು, ನನಗೆ ನಿಜಕ್ಕೂ ಖುಷಿಯಾಯಿತು. ಸಂಜೆ ಅಪ್ಪನ ಮುಂದೆ ಕೂತು ಓದಿದೆ.

ಅಪ್ಪ ಪೂರ್ತಿ ಕೇಳಿದರು. ಆಮೇಲೆ, "ಖಾನಾವಳಿ ಅಂತ ಓದಿದೆಲ್ಲ, ಅದು ಯಾರದು?" ಅಂದರು.

ಖಣದ ಅಂಗಡಿ ಅಂತ ನಾನು ಕೊಟ್ಟಿದ್ದನ್ನು ಅದು ಖಾನಾವಳಿ ಮಾಡಿತ್ತು. ಅಪ್ಪ ಹಸಿದು ಬಂದವರಿಗೆ ರೊಟ್ಟಿ ಊಟ ಬಡಿಸುತ್ತಿದ್ದರು ಅಂತ ಎರಡು ಪ್ಯಾರಾ ಬರೆದಿತ್ತು. ನಾನು ಓದುವ ಭರದಲ್ಲಿ ಗಮನಿಸಿಯೇ ಇರಲಿಲ್ಲ. ಅಪ್ಪ ಮಾರಿದ್ದು ಗುಳೇದಗುಡ್ಡದ ಖಣ, ಅಂದರೆ ಕುಪ್ಪಸದ ಬಟ್ಟೆ, ಜೊತೆಗೆ ಇಳಕಲ್ ಸೀರೆ. ಹೋಳಿ ಬಗ್ಗೆಯೂ ಹಾಗೇ. ಎಲ್ಲರೂ ಸಿಹಿ ಹಂಚಿ ಒಬ್ಬರಿಗೊಬ್ಬರು ಬಣ್ಣ ಹಚ್ಚುತ್ತಿದ್ದರು ಅಂತ ಇತ್ತು. ಬಾಗಲಕೋಟೆ ಹೋಳಿ ಅಂದರೆ ಇಷ್ಟೇನಾ? ಕಿಲ್ಲಾ, ಹಳಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆ ಅಂತ ಓಣಿಗೊಂದು ಸರದಿ. ತುರಾಯಿ ಹಲಗೆಯ ಬಡಿತ, ವೇಷ ಹಾಕಿದವರ ಸೋಗಿನ ಬಂಡಿ, ಬ್ಯಾರೆಲ್‌ಗಟ್ಟಲೆ ಬಣ್ಣ ಹೇರಿಕೊಂಡು ಬರುವ ಬಣ್ಣದ ಬಂಡಿ. ಇದರಲ್ಲಿ ಒಂದೂ ಇರಲಿಲ್ಲ.

ನನಗೆ ಬೇಜಾರಾಗಿದ್ದು ತಪ್ಪಿಗಲ್ಲ. ತಪ್ಪು ಮನುಷ್ಯರೂ ಮಾಡುತ್ತಾರೆ. ಅದು ನನ್ನನ್ನು ಒಂದು ಮಾತೂ ಕೇಳಲಿಲ್ಲ ಅನ್ನುವುದಕ್ಕೆ. ಖಣ ಅಂದರೇನು ಅಂತ ಕೇಳಬಹುದಿತ್ತು ಅಲ್ವಾ? ಗೊತ್ತಿಲ್ಲದ ಜಾಗವನ್ನು ಸುಮ್ನೆ ತುಂಬಿಬಿಟ್ಟಿತು. ಈ ಯಂತ್ರಗಳು ಕೆಲಸ ಮಾಡುವ ರೀತಿಯೇ ಹಾಗೆ. ಈಗಾಗಲೇ ಯಾರೋ ಬರೆದಿಟ್ಟ ಲಕ್ಷಗಟ್ಟಲೆ ಬರಹ ಓದಿ, ಈ ಪದದ ಮುಂದೆ ಯಾವ ಪದ ಬರಬಹುದು ಅಂತ ಅಂದಾಜು ಹಾಕುತ್ತಾ ಹೋಗುತ್ತವೆ. ಕನ್ನಡದಲ್ಲಿ ಇಂಟರ್ನೆಟ್ಟಿಗೆ ಹೋಗಿರುವ ಬರಹವೇ ಇಂಗ್ಲಿಷ್ ಮುಂದೆ ತೀರಾ ಕಡಿಮೆ. ಅದರಲ್ಲಿ ಹೊಸಪೇಟೆ ಓಣಿಯ ಒಂದು ಬಟ್ಟೆ ಅಂಗಡಿಯ ವಿಷಯ ಎಲ್ಲಿಂದ ಬರಬೇಕು? ಅದು ಇದ್ದಿದ್ದು ಅಪ್ಪನ ತಲೆಯಲ್ಲಿ ಮಾತ್ರ.

ಹಾಗೆ ನಾನು ಈ ಅಂಗಡಿಗೆ ಹೋದೆ. ಬೋರ್ಡಿನಲ್ಲಿ ಝೆರಾಕ್ಸ್, ಲ್ಯಾಮಿನೇಷನ್, ಆನ್‌ಲೈನ್ ಅರ್ಜಿ, ಲಗ್ನಪತ್ರಿಕೆ ಅಂತ ದೊಡ್ಡದಾಗಿದೆ. ಕೆಳಗೆ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ "ಬರೆದು ಕೊಡಲಾಗುವುದು". ಮಾಲೀಕರಿಗೆ ಅರವತ್ತರ ಹತ್ತಿರ ವಯಸ್ಸು. ನಾನು ಆ ನಾಲ್ಕು ಪುಟ ತೋರಿಸಿ, ಕಾಕಾ, ಇದನ್ನೇ ಸ್ವಲ್ಪ ತಿದ್ದಿ ಕೊಡ್ತೀರಾ ಅಂದೆ. ಅವರು ಓದಿ, ಮಡಚಿ ವಾಪಸ್ ಕೊಟ್ಟರು. "ಅಪ್ಪಾರು ಸಂಜಿಗೆ ಮನ್ಯಾಗ ಇರ್ತಾರೇನು ತಂಗಿ?" ಅಂದರು. ಅಷ್ಟೇ.

ಮೂರು ಸಂಜೆ ಬಂದರು. ಮೊದಲ ಸಂಜೆ ಒಂದಕ್ಷರ ಬರೆದುಕೊಳ್ಳಲಿಲ್ಲ. ಚಹಾ ಕುಡಿದರು, ಓಣಿಯ ಹಳಬರ ಬಗ್ಗೆ ಮಾತಾಡಿದರು, ನನಗೆ ಇವರು ಸುಮ್ನೆ ಟೈಮ್ ಕಳೆಯುತ್ತಿದ್ದಾರೆ ಅನಿಸಿತು. ಎರಡನೇ ಸಂಜೆ ಫೋನಿನಲ್ಲಿ ರೆಕಾರ್ಡಿಂಗ್ ಹಚ್ಚಿಟ್ಟು ಕೇಳಲು ಶುರು ಮಾಡಿದರು. ಅಂಗಡಿ ಬಾಗಿಲು ಯಾವ ದಿಕ್ಕಿಗಿತ್ತು? ಬೆಳಗ್ಗೆ ಮೊದಲ ಗಿರಾಕಿ ಯಾರು? ಗುಳೇದಗುಡ್ಡದಿಂದ ಖಣದ ಗಂಟು ಯಾವುದರಲ್ಲಿ ಬರುತ್ತಿತ್ತು? ಮುಳುಗಡೆಯ ಮಾತೂ ಬಂತು. ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಬಿದ್ದಿದ್ದು 1964ರಲ್ಲಿ, ಆಗ ಅಪ್ಪನಿಗೆ 14. ಅಣೆಕಟ್ಟಿನ ಉದ್ಘಾಟನೆ ಆಗಿದ್ದು 2006ರಲ್ಲಿ, ಆಗ 56. ಅಂದರೆ "ಊರು ಮುಳುಗತೈತಿ" ಅನ್ನುವ ಮಾತು ಕೇಳುತ್ತಲೇ ಅಪ್ಪ ಮದುವೆಯಾದರು, ಅಂಗಡಿ ಇಟ್ಟರು, ನಮ್ಮನ್ನು ಬೆಳೆಸಿದರು. ನನಗೆ ಇದು ಯಾವತ್ತೂ ಹೊಳೆದಿರಲಿಲ್ಲ. ಕಾಕಾ ಬೆರಳಲ್ಲಿ ಲೆಕ್ಕ ಹಾಕಿ ತೋರಿಸಿದರು.

ಆಮೇಲೆ ಒಂದು ಪ್ರಶ್ನೆ ಕೇಳಿದರು: "ಅಂಗಡಿ ಖಾಲಿ ಮಾಡಿದಾಗ ಉದ್ರಿ ಪುಸ್ತಕ ಏನು ಮಾಡಿದ್ರಿ?"

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಎದ್ದು ಒಳಗೆ ಹೋಗಿ ಟ್ರಂಕಿನಿಂದ ಕೆಂಪು ಬಟ್ಟೆಯ ರಟ್ಟಿನ ಪುಸ್ತಕ ತಂದರು. ನಾನು ಅಪ್ಪನ ಕಣ್ಣ ಮುಂದೆಯೇ ಬೆಳೆದವಳು, ಅದನ್ನು ಒಮ್ಮೆಯೂ ನೋಡಿರಲಿಲ್ಲ. ಊರು ಒಡೆದು ಜನ ಒಂದೊಂದು ಸೆಕ್ಟರಿಗೆ, ಒಂದೊಂದು ಊರಿಗೆ ಚೆದುರಿ ಹೋದ ಮೇಲೆ ಉದ್ರಿ ವಸೂಲಿ ಮಾಡುವುದು ಹೇಗೆ? ಅಪ್ಪ ಕೈಬಿಟ್ಟಿದ್ದರು. ಆದರೆ ಕೆಲವರು ತಾವೇ ನಮ್ಮ ಮನೆ ಹುಡುಕಿಕೊಂಡು ಬಂದು ಕೊಟ್ಟು ಹೋಗಿದ್ದರಂತೆ. ಒಬ್ಬ ಅಜ್ಜಿ ಎರಡು ಖಣದ ಬಾಕಿ ತಂದುಕೊಟ್ಟು, ನಮ್ಮ ಹೊಸ ಮನೆಯ ಕಟ್ಟೆಯ ಮೇಲೆ ಕೂತು ಹಳೇ ಓಣಿ ನೆನೆಸಿ ಅತ್ತು ಹೋದರಂತೆ. ಕೊಟ್ಟವರ ಹೆಸರಿನ ಮುಂದೆ ಅಪ್ಪ ಒಂದೊಂದು ಗೀಟು ಎಳೆದಿದ್ದಾರೆ. ಈ ಮಾತು ಹೇಳುವಾಗ ಅಪ್ಪನ ಧ್ವನಿ ಬದಲಾಯಿತು. ಅಮ್ಮ ಒಲೆ ಆರಿಸಿ ಬಂದು ಬಾಗಿಲಲ್ಲಿ ನಿಂತರು.

ಪುಸ್ತಿಕೆಯಲ್ಲಿ ಆ ಪುಸ್ತಕದ ಎರಡು ಪುಟ ಸ್ಕ್ಯಾನ್ ಮಾಡಿ ಹಾಕಿದ್ದಾರೆ. ಹಾಕುವ ಮೊದಲು ಹೆಸರುಗಳನ್ನೆಲ್ಲ ಮುಚ್ಚಿದರು. ಯಾಕೆ ಅಂತ ಕೇಳಿದೆ. ಬಾಕಿ ಉಳಿಸಿಕೊಂಡವರ ಮೊಮ್ಮಕ್ಕಳು ಇದೇ ಊರಲ್ಲಿದ್ದಾರೆ, ನಿಮ್ಮ ಮನೆಯ ಸಮಾರಂಭದಲ್ಲಿ ಅವರ ಅಜ್ಜನ ಸಾಲ ಯಾಕೆ ಓದಿಸಬೇಕು ಅಂದರು. ಇನ್ನೊಂದು ಕಡೆ ಅಪ್ಪ ಮುಳುಗಡೆ ಪರಿಹಾರದ ಹಣ ಹಂಚುವಾಗ ದೊಡ್ಡಪ್ಪನ ಜೊತೆ ಆದ ಜಗಳ ಹೇಳಿಬಿಟ್ಟಿದ್ದರು. ಅದನ್ನು ಬರೆದು ತಂದು, ಅಪ್ಪ ಒಬ್ಬರೇ ಇದ್ದಾಗ ಓದಿಸಿ, ಇರಲೋ ಬೇಡವೋ ಅಂತ ಕೇಳಿ, ಅಪ್ಪ ಬೇಡ ಅಂದ ಮೇಲೆ ತೆಗೆದರು. ಬರೆಯುವವರ ಕೆಲಸ ಅಂದರೆ ಇದು ಅಂತ ನನಗೆ ಆಗ ಗೊತ್ತಾಯಿತು. ಅವರು ಇದೇ ಊರಲ್ಲಿ ನಾಳೆ ತಲೆಯೆತ್ತಿ ಓಡಾಡಬೇಕು. ಏನಾದರೂ ತಪ್ಪಾದರೆ ಜನ ಅಂಗಡಿ ಮುಂದೆ ಬಂದು ಕೇಳುತ್ತಾರೆ.

ಅವರು ಎಐಗೆ ವಿರೋಧಿಯಲ್ಲ. ರೆಕಾರ್ಡಿಂಗನ್ನು ವಾಯ್ಸ್ ಟೈಪಿಂಗ್‌ನಿಂದ ಅಕ್ಷರಕ್ಕೆ ಇಳಿಸುತ್ತಾರೆ, ಆಮೇಲೆ ಕೂತು ತಿದ್ದುತ್ತಾರೆ, ಯಾಕೆಂದರೆ ನಮ್ಮ ಕಡೆ ಮಾತು ಅದಕ್ಕೆ ಅರ್ಧ ಹತ್ತುವುದಿಲ್ಲ. ಪುಣೆಯಲ್ಲಿರುವ ನನ್ನ ಅಣ್ಣನ ಮಕ್ಕಳಿಗೆ ಇಂಗ್ಲಿಷ್ ಪ್ರತಿ ಬೇಕಿತ್ತು, ಅದನ್ನು ಎಐಯಿಂದಲೇ ಮಾಡಿಸಿ ಕೊಟ್ಟರು, ಚೆನ್ನಾಗಿಯೇ ಬಂದಿದೆ. ಚಾಟ್‌ಜಿಪಿಟಿ ಬಂದಿದ್ದು 2022ರ ನವೆಂಬರಿನಲ್ಲಿ. ಅದಾದ ಒಂದು ವರ್ಷದಲ್ಲೇ ಲಗ್ನಪತ್ರಿಕೆಯ ಒಕ್ಕಣೆ, ಸ್ವಾಗತ ಭಾಷಣ, ನಿರೂಪಣೆ ಬರೆಸಲು ಬರುವವರು ಕಡಿಮೆಯಾದರಂತೆ. ಈಗ ಜನ ಫೋನಿನಲ್ಲೇ ಬರೆಸಿಕೊಂಡು ಬಂದು ಬರೀ ಪ್ರಿಂಟ್ ಕೇಳುತ್ತಾರೆ. ಒಕ್ಕಣೆ ಹೋಯಿತು, ಹೋಗಲಿ, ಅದು ಮೊದಲೂ ಒಂದನ್ನು ನೋಡಿ ಇನ್ನೊಂದು ಬರೆಯುವ ಕೆಲಸವೇ ಆಗಿತ್ತು ಅಂದರು. ನನಗೆ ಈ ಮಾತು ಸರಿ ಅನಿಸಿತು, ಆದರೆ ಆ ಆದಾಯ ಹೋಗಿದ್ದು ಅವರಿಗೆ ಪೆಟ್ಟೇ.

ಮಾತಿನ ನಡುವೆ ಅವರು ವಿಜಯಪುರದ ಫ.ಗು. ಹಳಕಟ್ಟಿಯವರನ್ನು ನೆನೆಸಿದರು. ವಕೀಲರಾಗಿದ್ದವರು ವಚನದ ತಾಡೋಲೆಗಾಗಿ ಊರೂರು, ಮನೆ ಮನೆ ತಿರುಗಿದರು, ಮುದ್ರಿಸಲು ವಿಜಯಪುರದಲ್ಲಿ 1925ರಲ್ಲಿ ಸ್ವಂತ ಪ್ರೆಸ್ಸೇ ಹಾಕಿದರು. ಇವತ್ತು ಯಾವ ಎಐಗಾದರೂ ವಚನ ಕೇಳಿ, ಹೇಳುತ್ತದೆ. ಹಳಕಟ್ಟಿಯಂಥವರು ಅಂದು ಆ ಮನೆಗಳ ಬಾಗಿಲು ತಟ್ಟದಿದ್ದರೆ ಅದರಲ್ಲಿ ಎಷ್ಟು ಉಳಿಯುತ್ತಿತ್ತು? ಬರೆಯುವವರಿಗೆ ಇನ್ನು ಮುಂದೆ ಕೆಲಸ ಇದೆಯಾ ಅಂತ ಚಿಂತೆ ಮಾಡುವ ನನ್ನ ಗೆಳತಿಯರಿಗೆ ನಾನು ಈಗ ಇದನ್ನೇ ಹೇಳುತ್ತಿದ್ದೇನೆ. ಬರೆದಿಟ್ಟಿದ್ದನ್ನು ತಿರುಗಿಸಿ ಬರೆಯುವ ಕೆಲಸದಲ್ಲಿ ಯಂತ್ರದ ಜೊತೆ ಓಡಬೇಡಿ. ಇನ್ನೂ ಯಾರೂ ಬರೆಯದೆ ಇರುವುದು ಪಕ್ಕದ ಮನೆಯ ಕಟ್ಟೆಯ ಮೇಲೇ ಕೂತಿದೆ, ಹೋಗಿ ಕೇಳಿ.

ಇನ್ನು ಕೊರತೆಗಳು. 12 ದಿನ ಅಂದಿದ್ದು 23 ದಿನ ಆಯಿತು, ಸಮಾರಂಭದ ಹಿಂದಿನ ಸಂಜೆ ಪಿನ್ ಹೊಡೆದ ಪ್ರತಿ ಕೈಗೆ ಬಂತು, ಅಲ್ಲಿಯವರೆಗೆ ನನಗೆ ನಿದ್ದೆ ಇಲ್ಲ. ಫೋನ್ ಎತ್ತುವುದಿಲ್ಲ. ಅಂಗಡಿಯಲ್ಲಿ ಕೂರಲು ಜಾಗ ಇಲ್ಲ. ಮುಖಪುಟದ ಡಿಸೈನ್ ತೀರಾ ಹಳೆಯದು, ಸುತ್ತಲೂ ಬಳ್ಳಿ ಹೂವು, ನಾನು ಎರಡು ಸಲ ಬದಲಾಯಿಸಲು ಹೇಳಬೇಕಾಯಿತು. ನುಡಿ ಫಾಂಟಿನಲ್ಲಿದ್ದ ಹಳೆಯ ಒಂದು ಪುಟವನ್ನು ಯೂನಿಕೋಡ್‌ಗೆ ಬದಲಿಸುವಾಗ ಕೆಲವು ಒತ್ತಕ್ಷರ ಕೆಟ್ಟಿದ್ದವು, ಪ್ರೂಫ್ ನೋಡುವಾಗ ಸಿಕ್ಕವು, ಆದರೂ ಎರಡು ತಪ್ಪು ಉಳಿದಿವೆ.

ಖರ್ಚು: 24 ಪುಟ ಬರೆದಿದ್ದಕ್ಕೆ 6,000 ರೂಪಾಯಿ, ಪುಟವಿನ್ಯಾಸ ಮತ್ತು 150 ಪ್ರತಿಯ ಮುದ್ರಣ ಬೇರೆ. ಎಐ ಪುಕ್ಕಟೆ. ನಮ್ಮ ತಮ್ಮ ಮೊದಲು ಜಾಸ್ತಿ ಆಯಿತು ಅಂದ, ಪುಸ್ತಿಕೆ ಓದಿದ ಮೇಲೆ ಆ ಮಾತು ಎತ್ತಿಲ್ಲ. ನನ್ನ ಪ್ರಕಾರ ಅವರು ಕಡಿಮೆ ತೆಗೆದುಕೊಂಡರು. ಮೂರು ಸಂಜೆ ಮನೆಗೆ ಬಂದು ಕೂತಿದ್ದಕ್ಕೆ ಬಿಲ್ಲಿನಲ್ಲಿ ಒಂದು ಸಾಲೂ ಇಲ್ಲ. ಅದನ್ನು ಬಿಲ್ಲಿನಲ್ಲಿ ಬರೆಯಿರಿ ಅಂತ ಅವರಿಗೇ ಹೇಳಿದ್ದೇನೆ, ಬೋರ್ಡಿನಲ್ಲಿ "ಮನೆಗೆ ಬಂದು ಕೇಳಿ ಬರೆದು ಕೊಡಲಾಗುವುದು" ಅಂತ ದೊಡ್ಡ ಅಕ್ಷರದಲ್ಲಿ ಹಾಕಿ ಅಂತಲೂ ಹೇಳಿದ್ದೇನೆ. ಅವರ ಅಸಲಿ ಕೆಲಸ ಅದೇ, ಅದನ್ನೇ ಮೂಲೆಯಲ್ಲಿ ಮುಚ್ಚಿಟ್ಟರೆ ಗಿರಾಕಿಗೆ ಹೇಗೆ ತಿಳಿಯಬೇಕು? ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಆ ಅರ್ಧ ಕಳೆದಿದ್ದು ತಡಕ್ಕೆ.

ಆಲಮಟ್ಟಿಯ ನೀರು ಈಗ 519.60 ಮೀಟರಿಗೆ ನಿಲ್ಲುತ್ತದೆ. ಅದನ್ನು 524.256 ಮೀಟರಿಗೆ ಏರಿಸುವ ಯೋಜನೆ ಇದೆ, ಏರಿದರೆ ಇನ್ನಷ್ಟು ಊರು ಹೋಗುತ್ತವೆ. ನಮ್ಮ ಸೋದರತ್ತೆಯ ಊರೂ ಆ ಪಟ್ಟಿಯಲ್ಲಿದೆ ಅಂತ ಮನೆಯಲ್ಲಿ ಹೇಳುತ್ತಾರೆ. ಅತ್ತೆಗೆ 81. ಕಳೆದ ವಾರ ಕಾಕಾಗೆ ಸಾವಿರ ರೂಪಾಯಿ ಅಡ್ವಾನ್ಸ್ ಕೊಟ್ಟು ಬಂದೆ. ಸುಗ್ಗಿ ಮುಗಿಯಲಿ, ಆಗ ಅವರಿಗೂ ಪುರುಸೊತ್ತು ಇರುತ್ತದೆ, ಹೋಗಿ ಕೂರೋಣ ಅಂದಿದ್ದಾರೆ.