ಹಡಗಿನಲ್ಲಿ ರಾತ್ರಿ ಊಟ: ಇಬ್ಬರಿಗೇ ಟೇಬಲ್ ಬೇಕಂದ್ರೆ ಯಾವ ದಾರಿ?

ಕಾಫಿಗೆ ಒಳ್ಳೇ ರೇಟ್ ಬಂದ ಮೇಲೆ ನಮ್ಮ ಚಿಕ್ಕಮಗಳೂರಿನ ಕಡೆಯಿಂದ ಕ್ರೂಸ್‌ಗೆ ಹೋಗುವವರು ಜಾಸ್ತಿಯಾಗಿದ್ದಾರೆ. ಕೊಯ್ಲು ಮುಗಿಸಿ ಬೆಂಗಳೂರಿನಿಂದ ಸಿಂಗಾಪುರಕ್ಕೆ ವಿಮಾನ, ಅಲ್ಲಿಂದ ಹಡಗು. ಹೊರಡುವ ಮುಂಚೆ ಎಲ್ಲರೂ ಕೇಳುವುದು ವೀಸಾ, ವಾಂತಿ ಮಾತ್ರೆ, ಬಾಲ್ಕನಿ ರೂಮು ಬೇಕಾ ಬೇಡ್ವಾ ಅಂತ. ರಾತ್ರಿ ಊಟಕ್ಕೆ ಯಾರ ಜೊತೆ ಕೂರಿಸುತ್ತಾರೆ ಅಂತ ಮಾತ್ರ ಯಾರೂ ಕೇಳುವುದಿಲ್ಲ.

ಐ.ಜಿ. ರಸ್ತೆಯ ಹೋಟೆಲ್‌ನಲ್ಲಿ ಮಧ್ಯಾಹ್ನ ಊಟಕ್ಕೆ ಕೂತರೆ ಎದುರಿನ ಕುರ್ಚಿಗೆ ಯಾರೋ ಬಂದು ಕೂರುತ್ತಾರೆ. ಅದು ನಮಗೆ ತೊಂದರೆಯೇ ಅಲ್ಲ. ಅವರ ಪಾಡಿಗೆ ಅವರು ಉಂಡು, ಮಜ್ಜಿಗೆ ಕುಡಿದು ಎದ್ದು ಹೋಗುತ್ತಾರೆ. ಹಡಗಿನ ದೊಡ್ಡ ಡೈನಿಂಗ್ ರೂಮಿನಲ್ಲಿ ಹಾಗಲ್ಲ. ಮೊದಲು ಸೂಪೋ ಸಲಾಡೋ, ಅದು ಮುಗಿದ ಮೇಲೆ ಊಟ, ಆಮೇಲೆ ಸಿಹಿ. ಒಂದೂವರೆ ಗಂಟೆ ಆರಾಮಾಗಿ ಹೋಗುತ್ತದೆ. ಎಂಟು ಜನರ ಟೇಬಲ್ಲಿಗೆ ಹಾಕಿದರೆ ಅಷ್ಟು ಹೊತ್ತೂ ಇಂಗ್ಲಿಷಿನಲ್ಲಿ ನಗುನಗುತ್ತಾ ಮಾತಾಡಬೇಕು. ನನಗೆ ಪರವಾಗಿಲ್ಲ. ನಮ್ಮ ಯಜಮಾನರಿಗೆ ಅದು ಊಟವೇ ಅಲ್ಲ, ಮೀಟಿಂಗು. ಹಾಗಾಗಿ ಬೇರೆ ಬೇರೆ ಹಡಗುಗಳಲ್ಲಿ ಇರುವ ದಾರಿಗಳನ್ನೆಲ್ಲ ಹಿಡಿದು ನೋಡಿದ್ದೇವೆ.

ಹಳೇ ಪದ್ಧತಿ ಅಂದರೆ ಫಿಕ್ಸೆಡ್ ಡೈನಿಂಗ್. ದಿನಾ ಅದೇ ಟೈಮು, ಅದೇ ಟೇಬಲ್ಲು, ಅದೇ ವೇಟರ್. ಸಾಮಾನ್ಯವಾಗಿ ಎರಡು ಪಂಕ್ತಿ ಇರುತ್ತವೆ. ಸಂಜೆ 5:30-6ಕ್ಕೆ ಒಂದು, ರಾತ್ರಿ 8-8:30ಕ್ಕೆ ಇನ್ನೊಂದು. ಸಂಜೆ ಆರಕ್ಕೆ ನಮ್ಮಲ್ಲಿ ಕಾಫಿ ಕುಡಿದ ಲೋಟವೇ ಒಣಗಿರುವುದಿಲ್ಲ, ಊಟ ಎಲ್ಲಿಂದ ಸೇರಬೇಕು? ಎರಡನೇ ಪಂಕ್ತಿಯೇ ಸರಿ.

ಬುಕ್ ಮಾಡುವಾಗಲೇ ಇಬ್ಬರ ಟೇಬಲ್ ಬೇಕು ಅಂತ ಬರೆಸಬಹುದು. ಆದರೆ ಅದು ಬರೀ ಕೋರಿಕೆ. ಡೈನಿಂಗ್ ರೂಮಿನಲ್ಲಿ ನಾಲ್ಕು, ಆರು, ಎಂಟು ಜನರ ಟೇಬಲ್ಲೇ ಜಾಸ್ತಿ, ಇಬ್ಬರದ್ದು ಕಮ್ಮಿ. ಟ್ರಾವೆಲ್ ಏಜೆಂಟ್ "ಆಗುತ್ತೆ ಬಿಡಿ ಮೇಡಂ" ಅಂದರೆ ಅದನ್ನು ನೆಚ್ಚಿಕೊಂಡು ಕೂರಬೇಡಿ. ಹಡಗು ಹತ್ತಿದ ಮಧ್ಯಾಹ್ನವೇ ಡೈನಿಂಗ್ ರೂಮಿನ ಮುಖ್ಯಸ್ಥರನ್ನು ನೋಡಿ. ಟೇಬಲ್ ಬದಲಾಯಿಸಿ ಕೊಡುವುದಕ್ಕೆಂದೇ ಅವರ ಕಡೆಯವರು ಆ ಹೊತ್ತಿಗೆ ಒಂದು ಕಡೆ ಕೂತಿರುತ್ತಾರೆ. ಎಲ್ಲಿ ಅಂತ ಆ ದಿನದ ಕಾರ್ಯಕ್ರಮದ ಹಾಳೆಯಲ್ಲೋ ಆ್ಯಪ್‌ನಲ್ಲೋ ಸಿಗುತ್ತದೆ, ಇಲ್ಲದಿದ್ದರೆ ರಿಸೆಪ್ಷನ್‌ನಲ್ಲಿ ಕೇಳಿ. ಹೊಸದಾಗಿ ಬಂದವರೆಲ್ಲ ಬಫೆಗೆ ನುಗ್ಗಿರುತ್ತಾರೆ, ನೀವು ಇಲ್ಲಿ ಕೆಲಸ ಮುಗಿಸಿಕೊಳ್ಳಬಹುದು.

ನಮಗೂ ಒಮ್ಮೆ ಹೀಗೇ ಟೇಬಲ್ ಸಿಕ್ಕಿತು. ಹೋಗಿ ನೋಡಿದರೆ ಪಕ್ಕದ ಟೇಬಲ್ಲಿಗೂ ನಮಗೂ ನಡುವೆ ಒಂದೂವರೆ ಗೇಣು ಜಾಗ. ಗೋಡೆಗೆ ಉದ್ದಕ್ಕೆ ಸೋಫಾ, ಅದರ ಮುಂದೆ ಪುಟ್ಟ ಪುಟ್ಟ ಟೇಬಲ್ಲುಗಳ ಸಾಲು. ಪಕ್ಕದಲ್ಲಿ ಆಸ್ಟ್ರೇಲಿಯಾದ ಒಬ್ಬರು ಅಜ್ಜ, ಅಜ್ಜಿ. ಒಳ್ಳೆಯವರು. ಅಜ್ಜನ ಮಂಡಿ ಆಪರೇಷನ್ನಿನ ಕಥೆ ಪೂರ್ತಿ ನಮಗೆ ಗೊತ್ತು. ಅದಕ್ಕೇ ಹೇಳುವುದು, ಬರೀ ಇಬ್ಬರ ಟೇಬಲ್ ಅಂತ ಕೇಳಿದರೆ ಸಾಲದು. ಗೋಡೆ ಬದಿಯ ಸಾಲು ಬೇಡ, ಕಂಬದ ಪಕ್ಕವೋ ಕಿಟಕಿಯ ಮೂಲೆಯೋ ಇದ್ದರೆ ಕೊಡಿ ಅಂತ ಬಿಡಿಸಿ ಹೇಳಬೇಕು.

ಫಿಕ್ಸೆಡ್‌ನಲ್ಲಿ ಒಂದು ದೊಡ್ಡ ಲಾಭ ಇದೆ, ಅದೂ ನಮ್ಮಂಥ ಸಸ್ಯಾಹಾರಿಗಳಿಗೆ. ನಾವು ಮೊಟ್ಟೆಯನ್ನೂ ತಿನ್ನುವುದಿಲ್ಲ. ವೇಟರ್ ಒಬ್ಬನೇ ಆದರೆ ಒಮ್ಮೆ ಹೇಳಿದರೆ ಮುಗಿಯಿತು. ರಾತ್ರಿ ಊಟ ಮುಗಿಸಿ ಏಳುವ ಮುಂಚೆ ನಾಳೆಯ ಮೆನು ತಂದು ತೋರಿಸುತ್ತಾನೆ, ನಮಗೆ ಆಗುವಂಥದ್ದನ್ನು ಅಡುಗೆಮನೆಗೆ ಹೇಳಿ ಮಾಡಿಸುತ್ತಾನೆ. ಎರಡನೇ ರಾತ್ರಿಯಿಂದ ಹಸಿಮೆಣಸಿನಕಾಯಿ ನಾವು ಕೇಳುವ ಮೊದಲೇ ಬರುತ್ತಿತ್ತು.

ಇನ್ನೊಂದು ದಾರಿ, ಬೇಕಾದಾಗ ಹೋಗಿ ಕೂರುವುದು. ರಾಯಲ್ ಕೆರಿಬಿಯನ್ ಹಡಗು ಕಂಪನಿ ಇದನ್ನು ಮೈ ಟೈಮ್ ಅನ್ನುತ್ತದೆ, ಕಾರ್ನಿವಲ್ ಯುವರ್ ಟೈಮ್ ಅನ್ನುತ್ತದೆ. ನಾರ್ವೇಜಿಯನ್ ಕಂಪನಿ 2000ದಲ್ಲಿ ಫ್ರೀಸ್ಟೈಲ್ ಅಂತ ಶುರು ಮಾಡಿ ಪಂಕ್ತಿ ಪದ್ಧತಿಯನ್ನೇ ಕೈಬಿಟ್ಟಿತು. ಇಬ್ಬರಿಗೇ ಟೇಬಲ್ ಸಿಗುವುದು ಇಲ್ಲಿ ಸುಲಭ. ಬಾಗಿಲಲ್ಲಿ "ನಾವಿಬ್ಬರೇ, ಶೇರಿಂಗ್ ಬೇಡ" ಅಂದರೆ ಸಾಕು. ಇವತ್ತು ಸಿಕ್ಕಿದ ಜಾಗ ಚೆನ್ನಾಗಿಲ್ಲ ಅಂದರೆ ನಾಳೆ ಬೇರೆ. ಆದರೆ 6:30ರಿಂದ 7:30ರ ನಡುವೆ ಹೋದರೆ ಕಾಯಿಸುತ್ತಾರೆ. ದಿನಾ ಹೊಸ ವೇಟರ್, ದಿನಾ "ಮೊಟ್ಟೆ ಬೇಡ, ಮೀನಿನ ಸಾಸ್ ಬೇಡ" ಪಾಠ ಮೊದಲಿಂದ ಒಪ್ಪಿಸಬೇಕು. ಹೇಳಿ ಹೇಳಿ ನನಗೇ ಬೇಜಾರಾಗುತ್ತಿತ್ತು.

ಇದಕ್ಕೆ ಉಪಾಯ ಹೇಳಿಕೊಟ್ಟಿದ್ದು ಮಂಗಳೂರಿನ ಒಬ್ಬ ವೇಟರ್ ಹುಡುಗ. ಅವತ್ತು ಬಂದ ಪಲ್ಯ ಬಾಯಿಗಿಟ್ಟು "ರೀ, ಇದಕ್ಕೆ ಉಪ್ಪೇ ಇಲ್ಲ" ಅಂದೆ. ತಟ್ಟೆ ಎತ್ತುತ್ತಿದ್ದವನು "ಉಪ್ಪು ತರ್ಲಾ ಮೇಡಂ?" ಅಂದ. ಹಡಗುಗಳಲ್ಲಿ ಗೋವಾ, ಮಂಗಳೂರು ಕಡೆಯವರು ಕೆಲಸಕ್ಕೆ ಇರುತ್ತಾರೆ, ಗುಟ್ಟಿನ ಮಾತಿಗೆ ಕನ್ನಡ ನೆಚ್ಚಿಕೊಳ್ಳಬೇಡಿ. ಅವನು ಹೇಳಿದ್ದು ಇಷ್ಟೇ: ಎಂಟೂಕಾಲರ ಮೇಲೆ ಬನ್ನಿ, ನನ್ನ ಟೇಬಲ್ ನಂಬರ್ ನೆನಪಿಟ್ಟುಕೊಂಡು ಅದೇ ಕಡೆ ಕೂರಿಸಿ ಅಂತ ಬಾಗಿಲಲ್ಲಿ ಕೇಳಿ. ಅಲ್ಲಿಂದ ಮುಂದೆ ಟೇಬಲ್ಲೂ ನಮ್ಮದೇ, ವೇಟರೂ ನಮ್ಮವನೇ. ಎರಡು ಪದ್ಧತಿಯ ಒಳ್ಳೇದು ಒಂದೇ ಕಡೆ. ನನ್ನ ಓಟು ಇದಕ್ಕೇ. ಮನೆಯವರು ಮಾತ್ರ ಈಗಲೂ ಫಿಕ್ಸೆಡ್ ಅನ್ನುತ್ತಾರೆ, ದಿನಾ ಬಾಗಿಲಲ್ಲಿ ಕೇಳುವುದು ಅವರಿಗೆ ಸಂಕೋಚ. ಕೇಳುವವಳು ನಾನು, ಸಂಕೋಚ ಅವರಿಗೆ!

ಬೇರೆ ದುಡ್ಡು ಕೊಟ್ಟು ತಿನ್ನುವ ಸ್ಪೆಷಾಲಿಟಿ ರೆಸ್ಟೋರೆಂಟ್‌ಗಳಲ್ಲಿ ಟೇಬಲ್ಲಿನ ಚಿಂತೆ ಇಲ್ಲ. ಇಬ್ಬರು ಅಂತ ಬುಕ್ ಮಾಡಿದರೆ ಇಬ್ಬರಿಗೇ, ನಡುವೆ ಜಾಗವೂ ಧಾರಾಳ. ದೊಡ್ಡ ಹಡಗುಗಳಲ್ಲಿ ಒಬ್ಬರಿಗೆ 40ರಿಂದ 60 ಡಾಲರ್ ಆಗುವುದು ಮಾಮೂಲು. ಮಾಂಸವೇ ಮುಖ್ಯವಾದ ಸ್ಟೇಕ್‌ಹೌಸ್‌ನಲ್ಲಿ ಅಷ್ಟು ಕೊಟ್ಟು ಆಲೂಗಡ್ಡೆ ತಿಂದು ಬರುವುದು ನಮಗೆ ಶುದ್ಧ ದಂಡ. ಇಟಾಲಿಯನ್ ಆದರೆ ಪರವಾಗಿಲ್ಲ. ಒಂದು ಎಚ್ಚರ: ತೆಪ್ಪನ್ಯಾಕಿ, ಅಂದರೆ ಎದುರಿಗೇ ಬೇಯಿಸಿ ಕೊಡುವ ಜಪಾನಿ ಊಟ, ಬುಕ್ ಮಾಡಬೇಡಿ. ಬಿಸಿ ಕಾವಲಿಯ ಸುತ್ತ ಎಲ್ಲರನ್ನೂ ಒಟ್ಟಿಗೇ ಕೂರಿಸುತ್ತಾರೆ. ದುಡ್ಡು ಕೊಟ್ಟು ಮತ್ತೆ ಎಂಟು ಜನರ ಟೇಬಲ್ಲಿಗೇ ಹೋದ ಹಾಗೆ.

ಬಾಲ್ಕನಿಯಲ್ಲಿ ಊಟ ಫೋಟೋಕ್ಕೆ ಚೆಂದ. ಹಡಗು ಜೋರಾಗಿ ಹೋಗುವಾಗ ಗಾಳಿಗೆ ನ್ಯಾಪ್‌ಕಿನ್ ನಿಲ್ಲುವುದಿಲ್ಲ, ಅನ್ನ ಕ್ಷಣದಲ್ಲಿ ತಣ್ಣಗಾಗುತ್ತದೆ. ಪ್ರಿನ್ಸೆಸ್ ಕಂಪನಿಯಲ್ಲಿ ಬೇರೆ ದುಡ್ಡು ಕೊಟ್ಟರೆ ಬಾಲ್ಕನಿಯಲ್ಲೇ ಟೇಬಲ್ ಹಾಸಿ ಒಂದೊಂದಾಗಿ ಬಡಿಸುತ್ತಾರೆ. ಮದುವೆಯ ವಾರ್ಷಿಕೋತ್ಸವ ಇದ್ದವರು ನೋಡಬಹುದು. ಕ್ಯೂನಾರ್ಡ್ ಹಡಗುಗಳಲ್ಲಿ ಗ್ರಿಲ್ ಅನ್ನುವ ಮೇಲ್ದರ್ಜೆಯ ಸೂಟ್ ತಗೊಂಡವರಿಗೆ ಅವರದೇ ಟೇಬಲ್ ಇರುತ್ತದೆ, ಊಟದ ಹೊತ್ತಿನಲ್ಲಿ ಯಾವಾಗ ಬೇಕಾದರೂ ಹೋಗಬಹುದು. ಕಾಳುಮೆಣಸಿಗೂ ರೇಟ್ ಬರಲಿ, ಆಮೇಲೆ ನೋಡೋಣ.

ಬಫೆಯ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ರಾತ್ರಿ ಎಂಟರ ಮೇಲೆ ಖಾಲಿಯಾಗುತ್ತಾ ಬರುತ್ತದೆ, ಕಿಟಕಿ ಪಕ್ಕ ಇಬ್ಬರೇ ಕೂರಬಹುದು, ಬಡಿಸಿಕೊಳ್ಳಲು ನೀವೇ ಏಳಬೇಕು ಅಷ್ಟೇ. ಬೆಳಗಿನ ತಿಂಡಿಗೆ ಡೈನಿಂಗ್ ರೂಮಿಗೆ ಹೋದರೆ ಮಾತ್ರ ಹುಷಾರು. ರಾತ್ರಿಯ ಟೇಬಲ್ ಬೆಳಿಗ್ಗೆ ನಿಮ್ಮದಲ್ಲ, ಬಾಯಿ ಬಿಟ್ಟು ಹೇಳದಿದ್ದರೆ ಬಂದವರನ್ನು ಬಂದ ಹಾಗೆ ದೊಡ್ಡ ಟೇಬಲ್ಲಿಗೆ ತುಂಬುತ್ತಾರೆ. ಬಾಗಿಲಲ್ಲೇ ಇಬ್ಬರಿಗೆ ಅಂತ ಹೇಳಿಬಿಡಿ. ನಮ್ಮ ಯಜಮಾನರಂತೂ ಬೆಳಿಗ್ಗೆ ಎರಡನೇ ಕಾಫಿ ಆಗುವವರೆಗೆ ನನ್ನ ಜೊತೆಯೇ ಮಾತಾಡುವವರಲ್ಲ.