ಒಂದೇ ಚಿಪ್ಪುಹಂದಿ, ಮೂರು ಜನ್ಮ: ಹೋಂಬ್ರೂ ರೇಸ್ ಮಾಡುವ ಮೂರು ದಾರಿಗಳ ಹೋಲಿಕೆ

"ನಾನು ಚಿಪ್ಪುಹಂದಿ ಆಗಬೇಕು" ಅಂದ ನಮ್ಮ ಗುಂಪಿನ ಒಬ್ಬ ಆಟಗಾರ. ಮೇಜಿನ ಸುತ್ತ ಕೂತು, ದಾಳ ಉರುಳಿಸಿ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ ಆಟ ನಮ್ಮದು. ಪಾತ್ರದ ಜೀವಜಾತಿಗೆ ರೇಸ್ ಅನ್ನುತ್ತಾರೆ. ಆಟದಲ್ಲಿ ಎಲ್ಫ್ ಇದೆ, ಡ್ವಾರ್ಫ್ ಇದೆ, ಆಮೆಯ ರೇಸ್ ಕೂಡ ಇದೆ. ಚಿಪ್ಪುಹಂದಿ ಮಾತ್ರ ಇಲ್ಲ. ಡಿಎಂ, ಅಂದರೆ ಆಟ ನಡೆಸುವವನು, ನಾನೇ. ಸರಿ, ಮಾಡಿಕೊಡುತ್ತೇನೆ ಅಂದೆ. ಪುಸ್ತಕದಲ್ಲಿಲ್ಲದ್ದನ್ನು ಹೀಗೆ ನಾವೇ ಮಾಡಿಕೊಂಡರೆ ಅದು ಹೋಂಬ್ರೂ. ಒಂದು ಸಂಜೆಯ ಕೆಲಸ ಅಂದುಕೊಂಡಿದ್ದೆ. ಕೊನೆಗೆ ಅದೇ ಪ್ರಾಣಿಯನ್ನು ಮೂರು ಸಲ, ಮೂರು ಬೇರೆ ರೀತಿಯಲ್ಲಿ ಮಾಡಿದೆ. ಮೂರನ್ನೂ ಅದೇ ಗುಂಪು ಆಡಿತು. ಯಾವುದು ಆಡಲು ಚೆನ್ನಾಗಿತ್ತು, ಯಾವುದು ಕ್ಯಾರೆಕ್ಟರ್ ಶೀಟ್ ಮೇಲೆ ಮಾತ್ರ ಚೆನ್ನಾಗಿತ್ತು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾವು ಆಡುವುದು ಡಂಜನ್ಸ್ ಆಂಡ್ ಡ್ರ್ಯಾಗನ್ಸ್, ಐದನೇ ಆವೃತ್ತಿ, 2014ರ ನಿಯಮಗಳು. ಅದರಲ್ಲಿ ರೇಸ್ ಅಂದರೆ ಬಲ, ಚುರುಕುತನದಂಥ ಸಾಮರ್ಥ್ಯಗಳಿಗೆ ಸೇರುವ ಒಂದಿಷ್ಟು ಎಬಿಲಿಟಿ ಅಂಕ (ಸಾಮಾನ್ಯವಾಗಿ ಒಂದಕ್ಕೆ +2, ಇನ್ನೊಂದಕ್ಕೆ +1), ಗಾತ್ರ, ನಡೆಯುವ ವೇಗ, ಭಾಷೆಗಳು, ಆಮೇಲೆ ಎರಡು ಮೂರು ವಿಶೇಷ ಗುಣ. ಅಷ್ಟೇ.

ಇನ್ನು ಪ್ರಾಣಿಯ ಬಗ್ಗೆ. ನಿಜವಾದ ಚಿಪ್ಪುಹಂದಿಯ ಚಿಪ್ಪು ಕೆರಾಟಿನ್‌ನದ್ದು, ನಮ್ಮ ಉಗುರಿನ ಹಾಗೆಯೇ. ಬಾಯಲ್ಲಿ ಒಂದೂ ಹಲ್ಲಿಲ್ಲ. ಕಣ್ಣು ಮಂದ, ಮೂಗು ಚುರುಕು. ಮುಂಗಾಲಿನ ಉಗುರಿನಿಂದ ಗೆದ್ದಲಿನ ಹುತ್ತ ಒಡೆಯುತ್ತದೆ. ಹೆದರಿದರೆ ಓಡುವುದಿಲ್ಲ, ಉಂಡೆಯಾಗಿ ಸುತ್ತಿಕೊಳ್ಳುತ್ತದೆ. ಒಂದು ರೇಸ್‌ಗೆ ಇಷ್ಟು ಸಾಮಗ್ರಿ ಸಾಕು. ನಿಜ ಹೇಳಬೇಕೆಂದರೆ ಜಾಸ್ತಿಯೇ ಆಯಿತು, ನನ್ನ ಕಷ್ಟವೆಲ್ಲ ಅಲ್ಲಿಂದಲೇ ಶುರುವಾದದ್ದು.

ಮೊದಲ ಜನ್ಮ: ಇರುವುದಕ್ಕೇ ಹೊಸ ಬಟ್ಟೆ

ಎಲ್ಲರೂ ಮೊದಲು ಹೇಳುವ ಸಲಹೆ ಇದು. ರೀಸ್ಕಿನ್ ಮಾಡು. ಹತ್ತಿರದ ರೇಸ್ ಒಂದನ್ನು ತೆಗೆದುಕೋ, ಹೆಸರು ಬದಲಾಯಿಸು, ಒಂದೆರಡು ಗುಣ ಆಚೀಚೆ ಮಾಡು. ನಾನು ಟಾರ್ಟಲ್ ತೆಗೆದುಕೊಂಡೆ, ಆಮೆಯ ರೇಸ್. ಅದರ ಆರ್ಮರ್ ಕ್ಲಾಸ್, ಅಂದರೆ ಅದಕ್ಕೆ ಪೆಟ್ಟು ತಗುಲಲು ಶತ್ರು ದಾಳ ಉರುಳಿಸಿ ಮುಟ್ಟಬೇಕಾದ ಅಂಕ, ಯಾವಾಗಲೂ 17. ಡೆಕ್ಸ್‌ಟೆರಿಟಿ (ಚುರುಕುತನ) ಸೇರುವುದಿಲ್ಲ, ಮೇಲೆ ಕವಚ ಹಾಕುವಂತಿಲ್ಲ. ಒಂದು ಆ್ಯಕ್ಷನ್ (ತನ್ನ ಸರದಿಯಲ್ಲಿ ಮಾಡುವ ಮುಖ್ಯ ಕೆಲಸ) ಖರ್ಚು ಮಾಡಿ ಚಿಪ್ಪಿನೊಳಗೆ ಹೋದರೆ ಇನ್ನೂ +4. ಒಂದು ಗಂಟೆ ಉಸಿರು ಹಿಡಿಯುವ ಗುಣವೊಂದಿತ್ತು, ಅದನ್ನು ಕಿತ್ತು ವಾಸನೆಯ ಗುಣ ಹಾಕಿದೆ. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು.

ಬ್ಯಾಲೆನ್ಸ್ ಬಗ್ಗೆ ಯಾರೂ ತಕರಾರು ಎತ್ತಲಿಲ್ಲ. ಎತ್ತುವ ಹಾಗೂ ಇರಲಿಲ್ಲ, ಮೊದಲೇ ಅಳೆದು ತೂಗಿದ ಲೆಕ್ಕ ಅದು. ತೊಂದರೆ ಬಂದದ್ದು ಬೇರೆ ಕಡೆ. ಐದು ಸೆಷನ್‌ಗಳಲ್ಲಿ ನಮ್ಮ ಚಿಪ್ಪುಹಂದಿ ಉಂಡೆಯಾದದ್ದು ಒಂದೇ ಸಲ. ಯಾಕೆ ಅಂತ ಕೇಳಿದೆ. "ಉಂಡೆಯಾದರೆ ನಾನು ಆಡುವುದೇನು? ಉಳಿದವರು ಹೊಡೆದಾಡುತ್ತಾರೆ, ನಾನು ಸುಮ್ನೆ ಕೂತಿರಬೇಕು" ಅಂದ. ಸರಿಯೇ ಅಲ್ವಾ? ಒಳಗೆ ಹೋಗಲು ಆ್ಯಕ್ಷನ್ ಕೊಡಬೇಕು. ಒಳಗಿದ್ದಾಗ ವೇಗ ಸೊನ್ನೆ, ರಿಯಾಕ್ಷನ್ (ಬೇರೆಯವರ ಸರದಿಯ ನಡುವೆ ಥಟ್ಟನೆ ಕೊಡುವ ಪ್ರತಿಕ್ರಿಯೆ) ಇಲ್ಲ. ಹೊರಗೆ ಬರುವ ಬೋನಸ್ ಆ್ಯಕ್ಷನ್ (ಚಿಕ್ಕ ಹೆಚ್ಚುವರಿ ಕೆಲಸ) ಬಿಟ್ಟರೆ ಬೇರೇನೂ ಮಾಡುವಂತಿಲ್ಲ. ಆಮೆಗೆ ಇದು ಒಪ್ಪುತ್ತದೆ. ಆದರೆ ಚಿಪ್ಪುಹಂದಿ ಬೇಕು ಅಂದವನು ಉಂಡೆಯಾಗಲೆಂದೇ ಬಂದವನು.

ಇನ್ನೊಂದು ಸಂಗತಿ ಆಮೇಲೆ ಹೊಳೆಯಿತು. ಅದೇ 17 ಮಾಂತ್ರಿಕನ ಕೈಗೆ ಸಿಕ್ಕಿದರೆ ದೊಡ್ಡ ನಿಧಿ. ಪ್ಲೇಟ್ ಕವಚ ತೊಟ್ಟರೆ 18 ಸಿಗುವ ಫೈಟರ್‌ಗೆ ಅದು ಸ್ವಲ್ಪ ಕಾಲದ ಮಟ್ಟಿಗೆ ಲಾಭ, ಆಮೇಲೆ ನಷ್ಟ. ಒಂದೇ ಗುಣಕ್ಕೆ ಆಡುವ ಕ್ಲಾಸ್ (ಮಾಂತ್ರಿಕ, ಫೈಟರ್ ಹೀಗೆ ಪಾತ್ರದ ಕಸುಬು) ನೋಡಿಕೊಂಡು ಬೆಲೆ ಬದಲಾಗುತ್ತದೆ. ಈ ಮಾತನ್ನು ಆಗಲೇ ನೆನಪಿಟ್ಟುಕೊಂಡಿದ್ದರೆ ಎರಡನೇ ಸಲ ಅಷ್ಟು ಒದ್ದಾಡುತ್ತಿರಲಿಲ್ಲ.

ಎರಡನೇ ಜನ್ಮ: ಅಂಗಡಿ ಲೆಕ್ಕ

ಹೋಂಬ್ರೂ ಮಾಡುವವರಲ್ಲಿ ಒಂದು ಹಳೆಯ ಅಭ್ಯಾಸವಿದೆ. ಪ್ರತಿ ಗುಣಕ್ಕೂ ಇಷ್ಟು ಅಂತ ಅಂಕ ಕಟ್ಟುವುದು. ಅಧಿಕೃತ ರೇಸ್‌ಗಳನ್ನು ಬಿಚ್ಚಿ ಕೂಡಿ ನೋಡುವುದು. ನಮ್ಮ ರೇಸ್ ಅದೇ ಮೊತ್ತಕ್ಕೆ ಹತ್ತಿರ ಬಂದರೆ ಪಾಸು. ನನಗೆ ಸ್ಪ್ರೆಡ್‌ಶೀಟ್ ಅಂದರೆ ಪ್ರಾಣ. ಎರಡು ವಾರ ಕೂತು ನನ್ನದೇ ಬೆಲೆಪಟ್ಟಿ ಮಾಡಿದೆ.

ಮೊದಲ ಅಡ್ಡಿ ಪಟ್ಟಿಯಲ್ಲೇ ಇತ್ತು. ಅಧಿಕೃತ ರೇಸ್‌ಗಳೇ ಒಂದು ಮೊತ್ತಕ್ಕೆ ಕೂರುವುದಿಲ್ಲ. ಮೌಂಟನ್ ಡ್ವಾರ್ಫ್‌ಗೆ +2 ಎರಡು ಕಡೆ. ಹಾಫ್ಲಿಂಗ್‌ಗೆ 20 ಮುಖದ ದಾಳದಲ್ಲಿ 1 ಬಿದ್ದರೆ ಮತ್ತೆ ಉರುಳಿಸುವ ಅದೃಷ್ಟ, ಅದಕ್ಕೆ ಎಷ್ಟು ಅಂಕ ಕೊಡುತ್ತೀರಿ? ಹಾರಾಟದ ಕಥೆ ಇನ್ನೂ ಕಷ್ಟ. ಹಕ್ಕಿಮನುಷ್ಯ ಆರಕೋಕ್ರಾ ಮೊದಲು ಬಂದಾಗ ಒಂದನೇ ಲೆವೆಲ್‌ನಲ್ಲೇ 50 ಅಡಿ ಹಾರುತ್ತಿತ್ತು. ಕತ್ತಿ ಹಿಡಿದ ಶತ್ರು ಕೆಳಗೆ ನಿಂತು ಬಾಯಿ ಬಿಡಬೇಕಷ್ಟೇ. ಅದೇ ಐದನೇ ಲೆವೆಲ್‌ಗೆ ಬಂದರೆ ಮಾಂತ್ರಿಕ ಮಂತ್ರ ಹಾಕಿ ಯಾರನ್ನು ಬೇಕಾದರೂ ಹಾರಿಸಬಲ್ಲ. ಮೊದಲ ದಿನ ಚಿನ್ನದಂತಿದ್ದ ಗುಣ ಆಮೇಲೆ ತಾಮ್ರವಾಗುತ್ತದೆ. ಪಟ್ಟಿಯಲ್ಲಿ ಇದಕ್ಕೆ ಒಂದೇ ಬೆಲೆ ಬರೆಯುವುದು ಹೇಗೆ?

ಆದರೂ ಮೊಂಡು ಹಿಡಿದು ಮುಂದುವರಿಸಿದೆ. ಕಣ್ಣು ಮಂದ ಅಂತ ಒಂದು ದೌರ್ಬಲ್ಯ ಬರೆದೆ: 30 ಅಡಿಗಿಂತ ದೂರದ ಗುರಿಗೆ ಹೊಡೆದರೆ ಡಿಸ್‌ಅಡ್ವಾಂಟೇಜ್, ಅಂದರೆ ದಾಳವನ್ನು ಎರಡು ಸಲ ಉರುಳಿಸಿ ಕಡಿಮೆ ಬಿದ್ದದ್ದನ್ನು ಹಿಡಿಯುವುದು. ಹೆಚ್ಚು ಬಿದ್ದದ್ದನ್ನು ಹಿಡಿದರೆ ಅಡ್ವಾಂಟೇಜ್. ದಾಳದಲ್ಲಿ 11 ಬೇಕಿದ್ದಾಗ ಗೆಲ್ಲುವ ಸಾಧ್ಯತೆ 50 ಶೇಕಡಾ. ಅಡ್ವಾಂಟೇಜ್ ಇದ್ದರೆ 75, ಡಿಸ್‌ಅಡ್ವಾಂಟೇಜ್ ಆದರೆ 25. ಅರ್ಧಕ್ಕರ್ಧ ಕಡಿತ ಅಂದರೆ ದೊಡ್ಡ ಶಿಕ್ಷೆ ಅಂದುಕೊಂಡು ಪಟ್ಟಿಯಲ್ಲಿ ಧಾರಾಳವಾಗಿ ಅಂಕ ವಾಪಸ್ ಕೊಟ್ಟೆ. ಆ ಅಂಕದಲ್ಲಿ ಎರಡು ಗುಣ ಕೊಂಡೆವು. ಮಣ್ಣಿನಲ್ಲಿ 15 ಅಡಿ ಕೊರೆದು ಸಾಗುವುದು ಒಂದು. 30 ಅಡಿಯೊಳಗೆ ನೆಲದ ಕಂಪನದಿಂದ ಯಾರು ಎಲ್ಲಿದ್ದಾರೆ ಅಂತ ತಿಳಿಯುವುದು ಇನ್ನೊಂದು.

ಆಟಗಾರ ಏನು ಮಾಡಿದ? ಕೊಡಲಿ ಹಿಡಿದ ಬಾರ್ಬೇರಿಯನ್ ಆದ. ಬಿಲ್ಲನ್ನು ಮುಟ್ಟಲೇ ಇಲ್ಲ. ದೂರದ ಗುರಿಯೇ ಇಲ್ಲದವನಿಗೆ ದೂರ ಕಾಣದ ದೋಷ ಏನು ಮಾಡೀತು? ನನ್ನ ರಿಯಾಯಿತಿ ಪೂರ್ತಿ ಅವನ ಜೇಬಿಗೆ ಹೋಯಿತು. ಅವನದ್ದೇನೂ ತಪ್ಪಿಲ್ಲ, ನಾನಿದ್ದರೂ ಹಾಗೇ ಮಾಡುತ್ತಿದ್ದೆ.

ಇದು ನನ್ನೊಬ್ಬನ ತಪ್ಪೂ ಅಲ್ಲ. ಬಿಸಿಲಿನಲ್ಲಿ ಡಿಸ್‌ಅಡ್ವಾಂಟೇಜ್ ಅನ್ನುವ ಗುಣ ಡ್ರೌ ಎಲ್ಫ್‌ಗೂ ಇತ್ತು, ಕೋಬೋಲ್ಡ್‌ಗೂ ಇತ್ತು. ಆಟವೆಲ್ಲ ಗುಹೆಯೊಳಗೆ ನಡೆದರೆ ಅದು ಇದ್ದೂ ಇಲ್ಲದ ಹಾಗೆ. ಬಯಲಿಗೆ ಬಂದರೆ ಪ್ರತಿ ಹೊಡೆತಕ್ಕೂ ಕುತ್ತು, ಆಟಗಾರ ಮುಖ ಗಂಟಿಕ್ಕಿಕೊಂಡು ಕೂರುತ್ತಾನೆ. ಒಂದೋ ಪುಕ್ಕಟೆ, ಇಲ್ಲ ದುಬಾರಿ. ಹದವಾದ ಜಾಗ ಸಿಗುವುದೇ ಇಲ್ಲ.

ಕೊರೆಯುವುದು ಮತ್ತು ಕಂಪನ, ಈ ಎರಡು ಸೇರಿದ ಮೇಲೆ ಏನಾಯಿತು ಅನ್ನುವುದು ನನಗೆ ಇನ್ನೂ ನಗು ತರಿಸುತ್ತದೆ. ಪಟ್ಟಿಯಲ್ಲಿ ಎರಡರ ಬೆಲೆಯನ್ನು ಬಿಡಿಬಿಡಿಯಾಗಿ ಕೂಡಿದ್ದೆ. ಮೇಜಿನ ಮೇಲೆ ಅವು ಗುಣಾಕಾರವಾದವು. ಅವನು ಮಣ್ಣಿನಡಿ ಇರುತ್ತಾನೆ, ಶತ್ರು ನಿಂತ ಜಾಗ ಅವನಿಗೆ ಗೊತ್ತು, ಶತ್ರುವಿಗೆ ಅವನಿರುವ ಜಾಗ ಗೊತ್ತಿಲ್ಲ. ಮೇಲೆ ಬಂದ, ಒಂದು ಬಿಟ್ಟ, ಮತ್ತೆ ಕೆಳಗೆ. ಮಾಮೂಲಿ ಕೊರೆಯುವ ವೇಗದಲ್ಲಿ ಗಟ್ಟಿ ಬಂಡೆಯೊಳಗೆ ಹೋಗಲಾಗುವುದಿಲ್ಲ ಅನ್ನುವುದೊಂದೇ ನನಗೆ ಉಳಿದ ದಾರಿ. ಮೂರನೇ ಸೆಷನ್ ಹೊತ್ತಿಗೆ ನನ್ನ ಲೋಕದ ಪ್ರತಿ ಕೋಣೆಗೂ ಕಲ್ಲುಹಾಸು ಬಂದಿತ್ತು. ದನದ ಕೊಟ್ಟಿಗೆಗೂ. "ಇಲ್ಲಿ ಗಾರೆ ಕೆಲಸದವರಿಗೆ ಒಳ್ಳೆ ಕಾಲ ಇದ್ದಂತಿದೆ" ಅಂದಳು ಕ್ಲೆರಿಕ್ (ಪೂಜಾರಿ ಪಾತ್ರ) ಆಡುವವಳು. ಒಂದು ರೇಸ್‌ಗೋಸ್ಕರ ಇಡೀ ಲೋಕದ ನೆಲ ಬದಲಾಯಿಸುತ್ತಿದ್ದೇನೆ ಅಂತ ಅರಿವಾದ ದಿನ ಆ ಶೀಟ್ ಹರಿದು ಹಾಕಿದೆ.

ಹಾಗಂತ ಬೆಲೆಪಟ್ಟಿ ಪೂರ್ತಿ ದಂಡ ಅನ್ನಲಾರೆ. ಒಂದು ರೇಸ್‌ಗೆ ಏಳೆಂಟು ಗುಣ ತುರುಕಿದ್ದರೆ ಅದು ಕಣ್ಣಿಗೆ ಹೊಡೆಯುವ ಹಾಗೆ ತೋರಿಸುತ್ತದೆ. ಎಲ್ಲ ಮುಗಿದ ಮೇಲೆ ಒಮ್ಮೆ ತೂಗಿ ನೋಡಲು ಸರಿ. ಅದರಿಂದಲೇ ಶುರು ಮಾಡಿದರೆ ಕೆಡುತ್ತದೆ.

ನಡುವೆ ಒಂದು ಸಣ್ಣ ಪ್ರವಾಸ

ಇದೇ ಬೇಜಾರಿನಲ್ಲಿ ಪಾತ್‌ಫೈಂಡರ್ ಅನ್ನುವ ಇದೇ ಬಗೆಯ ಇನ್ನೊಂದು ಆಟದ ಎರಡನೇ ಆವೃತ್ತಿಯನ್ನೂ ನೋಡಿದೆ. 2019ರಲ್ಲಿ ಬಂದದ್ದು. ಅಲ್ಲಿ ಎಲ್ಲವನ್ನೂ ಮೊದಲ ದಿನವೇ ಕೊಡುವುದಿಲ್ಲ. ಆನ್ಸೆಸ್ಟ್ರಿ ಅಂತ ಬುನಾದಿ, ಅದರೊಳಗೆ ಹೆರಿಟೇಜ್ ಅಂತ ಒಂದು ಕವಲು, ಆಮೇಲೆ 1, 5, 9, 13, 17ನೇ ಲೆವೆಲ್‌ಗಳಲ್ಲಿ ಒಂದೊಂದು ಫೀಟ್ (ಆಟಗಾರ ಆರಿಸಿಕೊಳ್ಳುವ ವಿಶೇಷ ಗುಣ). ನನ್ನ ಕೊರೆಯುವ ಗುಣಕ್ಕೆ ಹೇಳಿ ಮಾಡಿಸಿದ ಜಾಗ. ಅದನ್ನು 9ಕ್ಕೆ ತಳ್ಳಿದರೆ ಆಯಿತು. ವಿನ್ಯಾಸದ ಮಟ್ಟಿಗೆ ಇದು ಹೆಚ್ಚು ಚೊಕ್ಕ, ಇದರಲ್ಲಿ ಎರಡು ಮಾತಿಲ್ಲ. ಆದರೆ ಆಯ್ಕೆ ಅಂತ ಇರಬೇಕಾದರೆ ಫೀಟ್‌ಗಳನ್ನು ರಾಶಿ ಬರೆಯಬೇಕು. ನಾನು ಹನ್ನೊಂದು ಬರೆದೆ. ಐದನೇ ಲೆವೆಲ್‌ಗೆ ಆಟ ನಿಂತಿತು. ಅವನು ಬಳಸಿದ್ದು ಎರಡು. ಒಬ್ಬನೇ ಆಡುವ ರೇಸ್‌ಗೆ ಇಷ್ಟು ಬೆವರು ಬೇಡ.

ಮೂರನೇ ಜನ್ಮ: ಒಂದು ಕ್ರಿಯೆಯಿಂದ ಶುರು

ಮತ್ತೆ ಹಳೆಯ ಆಟಕ್ಕೆ ಬಂದೆ. ಈ ಸಲ ಪ್ರಾಣಿಯ ಗುಣಗಳ ಪಟ್ಟಿ ಮಾಡಲಿಲ್ಲ. ಯುದ್ಧದ ನಡುವೆ ಈ ಜೀವಿ ಬೇರೆ ಯಾರೂ ಮಾಡದ ಯಾವ ಒಂದು ಕೆಲಸ ಮಾಡುತ್ತದೆ ಅಂತ ಕೇಳಿಕೊಂಡೆ. ಉತ್ತರ ಮೊದಲಿಂದಲೂ ಎದುರಿಗೇ ಇತ್ತು. ಉಂಡೆಯಾಗುತ್ತದೆ. ಹಾಗಾದರೆ ಅದನ್ನು ಆ್ಯಕ್ಷನ್ ಬದಲು ರಿಯಾಕ್ಷನ್ ಮಾಡಬೇಕು. ಪೆಟ್ಟು ಬಿದ್ದ ಕ್ಷಣಕ್ಕೇ ಸುತ್ತಿಕೊಳ್ಳಬೇಕು, ತನ್ನ ಟರ್ನ್ ಬಂದಾಗ ಆಡಲು ಕೈ ಖಾಲಿ ಇರಬೇಕು.

ಮೊದಲ ಕರಡು: ಪೆಟ್ಟು ಬಿದ್ದರೆ ರಿಯಾಕ್ಷನ್ ಬಳಸಿ ಅರ್ಧ ಮಾಡಿಕೊ. ಓದಿ ಹೇಳಿದ ಕೂಡಲೇ ರೋಗ್ (ಕಳ್ಳನಂಥ ಚುರುಕು ಕ್ಲಾಸ್) ಆಡುವವನ ಮುಖ ಚಿಕ್ಕದಾಯಿತು. ಯಾಕೆಂದರೆ ರೋಗ್‌ಗೆ ಹೆಚ್ಚುಕಡಿಮೆ ಇದೇ ಶಕ್ತಿ ಐದನೇ ಲೆವೆಲ್‌ನಲ್ಲಿ ಬರುತ್ತದೆ. ಅವನು ಅಷ್ಟು ದಿನ ಕಾದು ಪಡೆಯುವುದನ್ನು ಇವನಿಗೆ ಹುಟ್ಟಿನಿಂದಲೇ ಕೊಟ್ಟುಬಿಟ್ಟಿದ್ದೆ. ಅಂದಿನಿಂದ ಒಂದು ರೂಢಿ ಮಾಡಿಕೊಂಡಿದ್ದೇನೆ. ಹೊಸ ಗುಣ ಬರೆದರೆ ಅದು ಯಾವ ಕ್ಲಾಸ್‌ನ ಹೆಮ್ಮೆಯ ಶಕ್ತಿ ಅಂತ ಮೊದಲು ಹುಡುಕುತ್ತೇನೆ. ಬೆಲೆಪಟ್ಟಿಗಿಂತ ಇದು ಜಾಸ್ತಿ ಉಪಯೋಗಕ್ಕೆ ಬಂದಿದೆ.

ಎರಡನೇ ಕರಡಿಗೆ ಗೋಲಿಯತ್ ರೇಸ್ ಅಳತೆಗೋಲಾಯಿತು. ಪೆಟ್ಟು ಬಿದ್ದಾಗ ಗೋಲಿಯತ್ ರಿಯಾಕ್ಷನ್ ಬಳಸಿ 12 ಮುಖದ ದಾಳ ಉರುಳಿಸಿ, ಕಾನ್‌ಸ್ಟಿಟ್ಯೂಷನ್ ಮಾಡಿಫೈಯರ್ (ದೇಹದ ಗಟ್ಟಿತನದಿಂದ ಸಿಗುವ ಅಂಕ) ಕೂಡಿಸಿ, ಪೆಟ್ಟಿನ ಹಾನಿಯಲ್ಲಿ ಅಷ್ಟನ್ನು ತಗ್ಗಿಸಿಕೊಳ್ಳುತ್ತದೆ. ನಾನು 10 ಮುಖದ ದಾಳಕ್ಕೆ ಇಳಿಸಿದೆ. ದಿನಕ್ಕೆ ಪ್ರೊಫಿಶಿಯೆನ್ಸಿ ಬೋನಸ್ (ಲೆವೆಲ್ ಏರಿದಂತೆ ಏರುವ ಅಂಕ) ಎಷ್ಟೋ ಅಷ್ಟು ಸಲ, ಅಂದರೆ ಶುರುವಿನಲ್ಲಿ ಎರಡು ಸಲ, ಐದನೇ ಲೆವೆಲ್‌ನಲ್ಲಿ ಮೂರು. ಆಮೇಲೆ ಇದರ ಬೆಲೆಯನ್ನು ಇದರೊಳಗೇ ಇಟ್ಟೆ: ಉಂಡೆಯಾದವನು ಪ್ರೋನ್, ಅಂದರೆ ನೆಲಕ್ಕೆ ಬಿದ್ದ ಹಾಗೆ. ಹತ್ತಿರದಿಂದ ಹೊಡೆಯುವವರಿಗೆ ಅವನ ಮೇಲೆ ಅಡ್ವಾಂಟೇಜ್, ದೂರದಿಂದ ಬಾಣ ಬಿಡುವವರಿಗೆ ಡಿಸ್‌ಅಡ್ವಾಂಟೇಜ್. ಏಳಲು ಅರ್ಧ ನಡಿಗೆ ಖರ್ಚು.

ಮಂದ ಕಣ್ಣಿನ ದೋಷಕ್ಕೂ ಇದಕ್ಕೂ ಇರುವ ವ್ಯತ್ಯಾಸ ನೋಡಿ. ಅದನ್ನು ಬಿಲ್ಲು ಮುಟ್ಟದೆ ತಪ್ಪಿಸಿಕೊಳ್ಳಬಹುದಿತ್ತು. ಇದನ್ನು ತಪ್ಪಿಸಬೇಕೆಂದರೆ ಉಂಡೆಯಾಗುವುದನ್ನೇ ಬಿಡಬೇಕು. ಲಾಭವೂ ನಷ್ಟವೂ ಒಂದೇ ಕ್ಷಣದಲ್ಲಿ ಬರುತ್ತವೆ, ಹಾಗಾಗಿ ಪ್ರತಿ ಸಲವೂ ಆಟಗಾರ ಯೋಚಿಸಲೇಬೇಕು. ಸುತ್ತ ಮೂರು ಗಾಬ್ಲಿನ್ ನಿಂತಿದ್ದರೆ ಈ ಒಂದು ಪೆಟ್ಟು ತಡೆದು ಮುಂದಿನ ಎರಡಕ್ಕೆ ಮೈ ಒಡ್ಡಬೇಕಾ? ಬಿಲ್ಲುಗಾರರಷ್ಟೇ ಉಳಿದಿದ್ದರೆ ಬೇಕೆಂದೇ ಉಂಡೆಯಾಗಿ ಬಿದ್ದಿರಬೇಕಾ? ಈ ಮಾತುಕತೆ ಮೇಜಿನ ಸುತ್ತ ಕೇಳಿಸತೊಡಗಿದಾಗ ಈ ರೇಸ್ ಉಳಿಯುತ್ತದೆ ಅಂತ ನನಗೆ ಖಾತ್ರಿಯಾಯಿತು. ಇಳಿಜಾರಿನಲ್ಲಿದ್ದರೆ 15 ಅಡಿ ಕೆಳಗೆ ಉರುಳಬಹುದು ಅಂತ ತಮಾಷೆಗೆ ಒಂದು ಸಾಲು ಸೇರಿಸಿದ್ದೆ. ಎಲ್ಲಕ್ಕಿಂತ ಜಾಸ್ತಿ ಬಳಕೆಯಾದದ್ದು ಅದೇ.

ಉಳಿದದ್ದನ್ನೆಲ್ಲ ಕತ್ತರಿಸಿದೆ. ವಾಸನೆಯಿಂದ ಗುರುತಿಸುವಾಗ ಪರ್ಸೆಪ್ಶನ್‌ಗೆ (ಸುಳಿವು ಹಿಡಿಯುವ ಕೌಶಲ) ಅಡ್ವಾಂಟೇಜ್, ಉಗುರಿನಿಂದ ಒಂದು ಸಾಧಾರಣ ಹೊಡೆತ, ಅಷ್ಟೇ. ಕೊರೆಯುವುದು ಹೋಯಿತು, ಕಂಪನ ಹೋಯಿತು. ಎಬಿಲಿಟಿ ಅಂಕವನ್ನು ಆಟಗಾರನಿಗೇ ಬಿಟ್ಟೆ. 2020ರ ಐಚ್ಛಿಕ ನಿಯಮದಲ್ಲೇ ಅದನ್ನು ಎಲ್ಲಿಗೆ ಬೇಕಾದರೂ ಹಾಕಿಕೊಳ್ಳಬಹುದಿತ್ತು. 2024ರ ಪುಸ್ತಕದಲ್ಲಂತೂ ಅಂಕಗಳು ಬ್ಯಾಕ್‌ಗ್ರೌಂಡ್‌ಗೆ (ಪಾತ್ರದ ಹಿನ್ನೆಲೆಗೆ) ಸೇರಿದವು, ರೇಸ್ ಅನ್ನುವ ಪದವೇ ಸ್ಪೀಶೀಸ್ ಆಯಿತು. ಮಾಡುವವರಿಗೆ ಒಂದು ತಲೆನೋವು ಕಡಿಮೆ.

ಈ ದಾರಿಯ ಕೆಟ್ಟ ಮುಖವೂ ಇದೆ. ಇದಕ್ಕೆ ನಿಯಮಗಳು ಚೆನ್ನಾಗಿ ಗೊತ್ತಿರಬೇಕು. ಮೊದಲೆರಡು ಕರಡು ಹಾಳಾಗುತ್ತವೆ ಅಂತ ಆಟಗಾರನಿಗೆ ಮೊದಲೇ ಹೇಳಿ ಒಪ್ಪಿಸಬೇಕು. ಹೊಸ ಡಿಎಂ ಆಗಿದ್ದರೆ ನಾನು ರೀಸ್ಕಿನ್ನೇ ಸಾಕು ಅನ್ನುತ್ತೇನೆ. ನಾಳೆಯೇ ಸೆಷನ್ ಇದ್ದರೂ ಅದೇ. ಒಂದೇ ಸಂಜೆಯ ಆಟಕ್ಕೆ ಬೇರೆ ಯಾವುದೂ ಬೇಡ. ತಿಂಗಳುಗಟ್ಟಲೆ ಆಡುವ ಪಾತ್ರವಾದರೆ ಮಾತ್ರ ಮೂರನೆಯ ದಾರಿ, ಕೊನೆಗೆ ಬೆಲೆಪಟ್ಟಿಯಲ್ಲಿ ಒಮ್ಮೆ ತೂಗಿ.

ನಮ್ಮ ಚಿಪ್ಪುಹಂದಿ ಈಗ ಆರನೇ ಲೆವೆಲ್‌ನಲ್ಲಿದೆ. ಕಳೆದ ಸೆಷನ್‌ನಲ್ಲಿ ಹೊಸ ಪ್ರಶ್ನೆ ಬಂತು. ಉಂಡೆಯಾಗಿ ಬಿದ್ದವನನ್ನು ಗುಂಪಿನ ಇನ್ನೊಬ್ಬ ಎತ್ತಿ ಶತ್ರುವಿನ ಮೇಲೆ ಎಸೆಯಬಹುದಾ? ನಿಯಮದಲ್ಲಿ ನಾನು ಏನೂ ಬರೆದಿರಲಿಲ್ಲ. ಸ್ಟ್ರೆಂತ್ ಚೆಕ್ ಮಾಡು, ಬಲ ಸಾಕಾ ಅಂತ ದಾಳ ಹಾಕಿ ನೋಡು ಅಂದೆ. ದಾಳದಲ್ಲಿ 19 ಬಿತ್ತು.