ಮನೆಯ ಪೆಟ್ಟಿಗೆಯೋ, ಪ್ರಯೋಗಾಲಯದ ಹಾಸಿಗೆಯೋ: ವಿಎ ಅರ್ಜಿಗಾಗಿ ನಾನು ಮಾಡಿಸಿದ ಎರಡು ನಿದ್ರಾಪರೀಕ್ಷೆಗಳು

ಅಂಚೆಯಲ್ಲಿ ಬರುವ ಪರೀಕ್ಷಾ ಪೆಟ್ಟಿಗೆಗೆ 189 ಡಾಲರ್ ಕೊಟ್ಟು ಸುಮಾರು ಹತ್ತು ತಿಂಗಳು ಕಳೆದುಕೊಂಡವನು ನಾನು. ಆದ್ದರಿಂದ ನನ್ನ ಒಲವು ಪ್ರಯೋಗಾಲಯದ ಕಡೆಗಿದೆ ಎಂಬುದನ್ನು ಮುಚ್ಚಿಡುವುದಿಲ್ಲ. ಗ್ರೀನ್ ಕಾರ್ಡ್ ಇದ್ದಾಗಲೇ ಅಮೆರಿಕದ ಸೈನ್ಯ ಸೇರಿದ ನಾನು 2007-08ರಲ್ಲಿ ಇರಾಕಿನ ಬಲಾದ್ ನೆಲೆಯಲ್ಲಿದ್ದೆ. ಅಲ್ಲಿ ನೆಲೆಯ ಕಸವನ್ನೆಲ್ಲ ತೆರೆದ ಗುಂಡಿಯಲ್ಲಿ ಸುಡುತ್ತಿದ್ದರು, ಆ ಹೊಗೆಯಲ್ಲೇ ನಮ್ಮ ವಾಸ. ಅಂದು ಕಟ್ಟಿದ ಮೂಗು ಇಂದಿಗೂ ಪೂರ್ತಿ ಬಿಟ್ಟಿಲ್ಲ. ನಡುರಾತ್ರಿ ನನ್ನ ಗೊರಕೆ ನಿಂತು ಉಸಿರೂ ನಿಂತಂತಾಗುತ್ತದೆ ಎಂದು ಹೆಂಡತಿ ಎಬ್ಬಿಸತೊಡಗಿದ ಮೇಲೆ ನಿದ್ರೆಯಲ್ಲಿ ಉಸಿರು ಪದೇ ಪದೇ ನಿಲ್ಲುವ ಸ್ಲೀಪ್ ಆಪ್ನಿಯ ಎಂಬ ರೋಗ ಇರಬಹುದೆಂಬ ಅನುಮಾನ ಬಂತು.

ಸೇವೆಯಿಂದ ಬಂದ ಕಾಯಿಲೆಗೆ ಪರಿಹಾರ ಕೊಡುವುದು ಅಮೆರಿಕದ ಮಾಜಿ ಸೈನಿಕರ ಇಲಾಖೆಯಾದ ವಿಎ. ಅದಕ್ಕೆ ಅರ್ಜಿ ಹಾಕಲು ಗೊರಕೆಯ ವರ್ಣನೆ ಸಾಲದು. ನಿದ್ರಾಪರೀಕ್ಷೆಯಿಂದ ದೃಢಪಟ್ಟ ರೋಗನಿರ್ಣಯ ಬೇಕು. ಮನೆಯ ಪರೀಕ್ಷೆಯನ್ನೂ ಅದು ಒಪ್ಪುತ್ತದೆ ಎಂದು ತಿಳಿದಾಗ, ಪ್ರಯೋಗಾಲಯದ ಸರದಿಗೆ ಕಾಯುವುದೇಕೆ ಎಂದು ಆತುರಪಟ್ಟು ಪೆಟ್ಟಿಗೆಯನ್ನು ತರಿಸಿಕೊಂಡೆ. ಎದೆಗೆ ಒಂದು ಪಟ್ಟಿ, ಮೂಗಿಗೆ ಒಂದು ನಳಿಕೆ, ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್, ಇಷ್ಟೇ ಅದರ ಸಾಮಗ್ರಿ.

ತೊಡಕು ಇದ್ದದ್ದು ಭಾಗಾಕಾರದಲ್ಲಿ. ಗಂಟೆಗೆ ಎಷ್ಟು ಸಲ ಉಸಿರು ನಿಲ್ಲುತ್ತದೆ ಅಥವಾ ಕುಗ್ಗುತ್ತದೆ ಎಂಬ ಎಣಿಕೆಯೇ ಇಲ್ಲಿ ನಿರ್ಣಾಯಕ: 5ರಿಂದ 15ರ ಒಳಗಿದ್ದರೆ ಸೌಮ್ಯ, 15ರಿಂದ 30ರ ಒಳಗಿದ್ದರೆ ಮಧ್ಯಮ, 30 ಮತ್ತು ಮೇಲಾದರೆ ತೀವ್ರ. ಇಂಥ ಪೆಟ್ಟಿಗೆಯಲ್ಲಿ ಮಿದುಳಿನ ಅಲೆಗಳನ್ನು ಅಳೆಯುವ ತಂತಿ ಇರುವುದಿಲ್ಲವಾದ್ದರಿಂದ, ನಾನು ನಿದ್ರಿಸುತ್ತಿದ್ದೇನೋ ಛಾವಣಿ ನೋಡುತ್ತಾ ಬಿದ್ದಿದ್ದೇನೋ ಎಂಬುದು ಅದಕ್ಕೆ ತಿಳಿಯದು. ಯಂತ್ರ ಓಡಿದ ಸಮಯವನ್ನೆಲ್ಲ ನಿದ್ರೆಯೆಂದೇ ಹಿಡಿದು ಭಾಗಿಸುತ್ತದೆ. ಕಾವಲು ಪಾಳಿಯ ಕಾಲದಿಂದಲೂ ನನ್ನ ನಿದ್ರೆ ತುಂಡು ತುಂಡು. ಆ ರಾತ್ರಿ 8 ಗಂಟೆಯ ದಾಖಲೆಯಲ್ಲಿ 34 ಘಟನೆಗಳಿದ್ದವು, ಹಾಗಾಗಿ ವರದಿಯಲ್ಲಿ 4.3 ಎಂದು ಬಂತು. ನಾನು ನಿಜಕ್ಕೂ ನಿದ್ರಿಸಿದ್ದು 5 ಗಂಟೆ ಎಂದಿಟ್ಟುಕೊಂಡರೆ ಅದೇ 34 ಘಟನೆಗಳು 6.8 ಆಗುತ್ತವೆ, ಅಂದರೆ ರೋಗದ ಗೆರೆಯ ಆಚೆಗೆ ಹೋಗುತ್ತವೆ.

ಅಷ್ಟೇ ಅಲ್ಲ. ಆಮ್ಲಜನಕ ಇಳಿಯದೆ, ಕೇವಲ ಕ್ಷಣಕಾಲ ಎಚ್ಚರವಾಗಿ ಮುಗಿಯುವ ಘಟನೆಗಳನ್ನು ಈ ಪೆಟ್ಟಿಗೆ ಗುರುತಿಸುವುದೇ ಇಲ್ಲ. ಸಾಲದ್ದಕ್ಕೆ ಬೆಳಗಿನ ಜಾವ ನನ್ನ ಬೆರಳಿನ ಕ್ಲಿಪ್ ಕಳಚಿ ಹೊದಿಕೆಯೊಳಗೆ ಬಿದ್ದಿತ್ತು. ವರದಿಯಲ್ಲಿ ಅದರ ಪ್ರಸ್ತಾಪವಿಲ್ಲ. ಲಕ್ಷಣಗಳಿದ್ದೂ ಮನೆಯ ಪರೀಕ್ಷೆಯಲ್ಲಿ ಏನೂ ಕಾಣದಿದ್ದರೆ ಪ್ರಯೋಗಾಲಯಕ್ಕೆ ಹೋಗಬೇಕೆಂಬುದು ನಿದ್ರಾವೈದ್ಯರ ಸಾಮಾನ್ಯ ನಿಯಮವೇ ಆದರೂ ಪೆಟ್ಟಿಗೆ ಮಾರಿದ ಕಂಪನಿ ಆ ಮಾತನ್ನು ಎಲ್ಲಿಯೂ ಬರೆದಿರಲಿಲ್ಲ. ನಾನು ಆ ಕಾಗದವನ್ನೇ ಅರ್ಜಿಯ ಜೊತೆಗಿಟ್ಟೆ. ರೋಗವೇ ಸಾಬೀತಾಗಿಲ್ಲವೆಂದು ಅರ್ಜಿ ತಿರಸ್ಕೃತವಾಯಿತು. ಆ ಕಾಗದ ಹೇಳಿದ್ದೂ ಅದನ್ನೇ ಆದ್ದರಿಂದ ತಕರಾರು ಮಾಡಲು ನನಗೆ ಬಾಯಿರಲಿಲ್ಲ.

ಪ್ರಯೋಗಾಲಯದ ರಾತ್ರಿ ಸುಖದ್ದೇನಲ್ಲ. ತಲೆ, ಕಣ್ಣಂಚು, ಗಲ್ಲ, ಕಾಲುಗಳಿಗೆಲ್ಲ ತಂತಿ ಅಂಟಿಸುತ್ತಾರೆ. ಅಂಟು ಹಿಡಿಯಬೇಕಾದ್ದರಿಂದ ತಲೆಗೆ ಎಣ್ಣೆ ಹಾಕಿಕೊಂಡು ಬರಬಾರದೆಂಬ ಸೂಚನೆ ಇತ್ತು, ಕೊಬ್ಬರಿ ಎಣ್ಣೆಯಿಲ್ಲದೆ ಮಲಗಿ ಗೊತ್ತಿಲ್ಲದ ನನಗೆ ಅದೇ ದೊಡ್ಡ ಶಿಕ್ಷೆಯಾಯಿತು. ಆದರೆ ಕ್ಲಿಪ್ ಸಡಿಲವಾದಾಗ ತಂತ್ರಜ್ಞರು ಒಳಬಂದು ಸರಿಪಡಿಸಿದರು, ಭಾಗಾಕಾರ ನಿಜವಾದ ನಿದ್ರೆಯಿಂದಲೇ ನಡೆಯಿತು. ಫಲಿತಾಂಶ 19. ನಿದ್ರೆಯಲ್ಲಿ ಮುಖವಾಡದ ಮೂಲಕ ಒತ್ತಡದ ಗಾಳಿ ಕೊಟ್ಟು ಉಸಿರುದಾರಿಯನ್ನು ತೆರೆದಿಡುವ ಸಿಪ್ಯಾಪ್ ಯಂತ್ರವನ್ನು ವೈದ್ಯರು ಬರೆದುಕೊಟ್ಟರು. ಈಗಿನ ನಿಯಮದಂತೆ ಹಗಲಿನ ಸತತ ತೂಕಡಿಕೆಗೆ 30 ಶೇಕಡಾ, ಸಿಪ್ಯಾಪ್‌ನಂಥ ಸಾಧನ ಅಗತ್ಯವಾದರೆ 50 ಶೇಕಡಾ ಅಂಗವೈಕಲ್ಯದ ದರ್ಜೆ ಸಿಗುತ್ತದೆ.

ರೋಗವಿದ್ದರಷ್ಟೇ ಸಾಲದು, ಸೈನಿಕ ಸೇವೆಯೊಂದಿಗೆ ಅದರ ನಂಟನ್ನೂ ತೋರಿಸಬೇಕು. ಅದಕ್ಕೆ ನನ್ನ ಮುಂದೆ ಎರಡು ದಾರಿಗಳಿದ್ದವು. ಸೇವೆಯಲ್ಲಿದ್ದಾಗಲೇ ರೋಗ ಶುರುವಾಯಿತೆಂದು ನೇರವಾಗಿ ತೋರಿಸುವುದು ಒಂದು. ಸೇವೆಯಲ್ಲಿ ಜೊತೆಗಿದ್ದ ಸಹಸೈನಿಕನೊಬ್ಬ ನನ್ನ ಗೊರಕೆಯ ಬಗ್ಗೆ ಹೇಳಿಕೆ ಬರೆದುಕೊಟ್ಟ, ಆದರೆ ಗೊರಕೆ ಕೇಳಿದವನು ರೋಗ ನಿರ್ಣಯಿಸಲಾರ, ಸೇನಾ ವೈದ್ಯಕೀಯ ಕಡತದಲ್ಲಂತೂ ಈ ವಿಷಯವೇ ಇರಲಿಲ್ಲ. ಇನ್ನೊಂದು, ಈಗಾಗಲೇ ಸೇವೆಗೆ ಸೇರಿದ್ದೆಂದು ಒಪ್ಪಿದ ಕಾಯಿಲೆಯ ಮೂಲಕ ಹೋಗುವುದು. 2022ರ ಪ್ಯಾಕ್ಟ್ ಕಾಯ್ದೆಯ ಪ್ರಕಾರ ಸುಡುಗುಂಡಿಯ ಹೊಗೆ ಕುಡಿದವರ ದೀರ್ಘಕಾಲದ ಮೂಗಿನ ಉರಿಯೂತವನ್ನು ಸೇವೆಯಿಂದಲೇ ಬಂದದ್ದೆಂದು ಭಾವಿಸಲಾಗುತ್ತದೆ. ಸ್ಲೀಪ್ ಆಪ್ನಿಯ ಆ ಪಟ್ಟಿಯಲ್ಲಿಲ್ಲ. ನನಗೆ ಮೊದಲ ಅರ್ಜಿಯಲ್ಲೇ ಮೂಗಿನ ಕಾಯಿಲೆ ಮಂಜೂರಾಗಿದ್ದರಿಂದ ಎರಡನೆಯ ದಾರಿಯನ್ನೇ ಹಿಡಿದೆ.

ಅದಕ್ಕೆ ನೆಕ್ಸಸ್ ಪತ್ರ, ಅಂದರೆ ಎರಡು ಕಾಯಿಲೆಗಳ ನಂಟನ್ನು ವಿವರಿಸುವ ವೈದ್ಯರ ಪತ್ರ ಬೇಕು. ಅದಕ್ಕೆ ಒಬ್ಬರು 1,500 ಡಾಲರ್ ಕೇಳಿದರು. ನನ್ನ ಮೂಗನ್ನು ವರ್ಷಗಳಿಂದ ನೋಡುತ್ತಿರುವ ಕಿವಿ-ಮೂಗು-ಗಂಟಲಿನ ವೈದ್ಯರು ಮಾಮೂಲಿ ಭೇಟಿಯಲ್ಲೇ ಬರೆದುಕೊಟ್ಟರು: ಸೇನೆ ಬಿಟ್ಟ ಮೇಲೆ ನನ್ನ ತೂಕ ಹೆಚ್ಚಿದ್ದನ್ನು ಒಪ್ಪಿಕೊಂಡೇ, ಮೂಗಿನ ಅಡಚಣೆ ಈ ರೋಗಕ್ಕೆ ಕಾರಣವಾಗಿರುವ ಅಥವಾ ಅದನ್ನು ಉಲ್ಬಣಿಸಿರುವ ಸಾಧ್ಯತೆ ಕನಿಷ್ಠ ಅರ್ಧಕ್ಕರ್ಧ ಇದೆ ಎಂದು ಕಾರಣಸಹಿತ ವಿವರಿಸಿದ್ದರು. ತೂಕದ ಮಾತನ್ನು ಮುಚ್ಚಿಟ್ಟಿದ್ದರೆ ಆ ಪತ್ರಕ್ಕೆ ಬೆಲೆ ಇರುತ್ತಿರಲಿಲ್ಲ ಎಂಬುದು ನನ್ನ ಎಣಿಕೆ. ತಿರಸ್ಕಾರವಾದ ಒಂದು ವರ್ಷದೊಳಗೆ ಪೂರಕ ಅರ್ಜಿ ಹಾಕಿದ್ದರಿಂದ ಮೊದಲ ಅರ್ಜಿಯ ದಿನಾಂಕವೂ ಉಳಿಯಿತು.

ಹಾಸಿಗೆಗೆ ತಲೆ ಕೊಟ್ಟೊಡನೆ ನಿದ್ದೆ ಹೋಗುವವರಿಗೆ, ರೋಗ ತೀವ್ರವಾಗಿರುವವರಿಗೆ ಮನೆಯ ಪೆಟ್ಟಿಗೆ ಸಾಕಾಗಬಹುದು, ಅದನ್ನೂ ವಿಎ ವೈದ್ಯರ ಮೂಲಕವೇ ತರಿಸಿಕೊಂಡರೆ ಮೇಲು. ನನ್ನಂತೆ ರಾತ್ರಿ ನಾಲ್ಕು ಸಲ ಏಳುವವರು ನೇರವಾಗಿ ಪ್ರಯೋಗಾಲಯವನ್ನೇ ಕೇಳಿ. ವಿಎ ಕಳುಹಿಸಿದ್ದರಿಂದ ಆ ಪರೀಕ್ಷೆಗೆ ನನ್ನ ಕೈಯಿಂದ ಹೋದದ್ದು ಪೆಟ್ರೋಲಿನ ಹಣ ಮತ್ತು ಅರ್ಧ ದಿನದ ರಜೆ. ಆ 189 ಡಾಲರ್ ಮಾತ್ರ ವಾಪಸು ಬರಲಿಲ್ಲ.